ಬಟ್ಟಿ ನೋಡುತ್ತಿದ್ದ ಅಜ್ಜಿ

ಹರಳೆಣ್ಣೆಯಲ್ಲಿ ನೆನೆದು ನೆನೆದು ಅಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ಹುಣಸೆಬೀಜದ ಬಣ್ಣಕ್ಕೆ ತಿರುಗಿತ್ತು. ಬೂಕನಕೆರೆಯಲ್ಲಿ ಅವಳದು ನಮ್ಮ ಪಕ್ಕದ ಮನೆ. ಹೊಟ್ಟೆ ಕೆಟ್ಟರೆ ‘ಬಟ್ಟಿ ಬಿದ್ದಿದೆ’, ಅಂದರೆ ಹೊಕ್ಕುಳಲ್ಲಿ ಬಡಿಯುವ ನಾಡಿ ಜಾಗ ಬಿಟ್ಟು ಸರಿದಿದೆ ಎಂದು ನಂಬುವ ಊರು ನಮ್ಮದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಮಲಗಿದರೆ, ಆ ಹೆಬ್ಬೆರಳಿನಿಂದ ಒತ್ತಿ, ತೀಡಿ ಸರಿಮಾಡುತ್ತಿದ್ದಳು. ಜೊತೆಗೆ ಬೈಗುಳ ಪುಕ್ಕಟೆ.

ತೊಂಬತ್ತರ ದಶಕ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ನಾನು ಒಮ್ಮೆ ಡುಮ್ಕಿ ಹೊಡೆದಿದ್ದೆ. ಮತ್ತೆ ಫೇಲಾದರೆ ಸೋದರಮಾವನ ಜೊತೆ ಮದುವೆ ಎಂದು ಅಪ್ಪ ಹೇಳಿಬಿಟ್ಟಿದ್ದರು. ಪರೀಕ್ಷೆಗೆ ನಾಲ್ಕು ದಿನ ಇರುವಾಗ ಅನ್ನ ಸೇರದಾಯಿತು. ಹೊಟ್ಟೆಯೊಳಗೆ ಏನೋ ಪಟಪಟ ರೆಕ್ಕೆ ಬಡಿಯುತ್ತಿತ್ತು. ಇಂಗ್ಲಿಷಿನವರು ಇದಕ್ಕೆ ಹೊಟ್ಟೆಯಲ್ಲಿ ಚಿಟ್ಟೆ ಎನ್ನುತ್ತಾರೆಂದು ಮೇಷ್ಟ್ರು ಹೇಳಿದ್ದರು. ಅಯ್ಯೋ, ಚಿಟ್ಟೆಯಂತೆ! ನನಗೆ ಬಾವಲಿಯೇ ಹೊಕ್ಕ ಹಾಗಿತ್ತು. ಬಟ್ಟಿ ಬಿದ್ದಿದೆ ಎಂದುಕೊಂಡ ಅವ್ವ ನನ್ನನ್ನು ಅಜ್ಜಿಯ ಬಳಿಗೆ ಎಳೆದೊಯ್ದಳು.

ಅಜ್ಜಿ ಹೊಕ್ಕುಳ ಮೇಲೆ ಹೆಬ್ಬೆರಳಿಟ್ಟು ನೋಡಿದಳು. “ಒಸಿ ಬಿಸ್ನೀರು ತತ್ತಾ ಓಗವ್ವ” ಎಂದು ಅವ್ವನನ್ನು ಸಾಗಹಾಕಿ, ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಬಟ್ಟಿ ಎಲ್ಲೂ ಓಗಿಲ್ಲ ಕಣೆ. ಯಾಕಿಂಗೆ ಎದ್ರುಕೊಂಡಿದ್ದೀಯೆ?”

ಅತ್ತುಬಿಟ್ಟೆ. “ಪರೀಕ್ಸೆಗೆ ಓಗಕಿಲ್ಲ ಅಜ್ಜಿ. ಮದ್ವೆನೇ ಮಾಡ್ಲಿ ಬುಡು.”

“ಮುಚ್ಚು ಬಾಯಿ! ತಾಳಿ ಕಟ್ದಾಗ ನಂಗೆ ಅನ್ನೆರ್ಡು ವರ್ಸ. ಇಂಗೇ ಬಡ್ಕೊಂತಿತ್ತು. ಯಾರೂ ಕೈ ಇಟ್ಟು ನೋಡ್ನಿಲ್ಲ.”

ಅವ್ವ ನೀರು ತಂದಾಗ ಅಜ್ಜಿಯ ಮಾತೇ ಬೇರೆ. “ಬಟ್ಟಿ ಬಿದ್ದದೆ ಕಣವ್ವ. ನಾಕು ದಿನ ಬೆಳಿಗ್ಗೆ ಕಳ್ಸು. ಮದ್ವೆ ಸುದ್ದಿ ಎತ್ತುದ್ರೆ ಮತ್ತೆ ಜಾರ್ತದೆ ಅಂತ ನಿನ್ ಗಂಡಂಗೂ ಏಳು.” ಮನೆಯಲ್ಲಿ ಮದುವೆಯ ಮಾತು ನಿಂತಿತು. ಪರೀಕ್ಷೆಯ ದಿನವೂ ಅಜ್ಜಿ ತೀಡಿ, ಬಾಯಿಗೆ ಬೆಲ್ಲ ತುರುಕಿ, ತಾನೇ ಬಸ್ಸು ಹತ್ತಿಸಿದಳು. ಬರೆದೆ. ಪಾಸಾದೆ.

ಕೆಲವು ವರ್ಷಗಳ ಮೇಲೆ ಅಜ್ಜಿಯ ಹೊಟ್ಟೆಯಲ್ಲೇ ಗಡ್ಡೆ ಬೆಳೆಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಒಯ್ಯುವ ಮುಂಚೆ, ಊರಿಗೆಲ್ಲ ಗದರುತ್ತಿದ್ದವಳು ನನ್ನ ಕೈ ಎಳೆದು ತನ್ನ ಹೊಕ್ಕುಳ ಮೇಲಿಟ್ಟುಕೊಂಡಳು. ಪಟಪಟ ಬಡಿಯುತ್ತಿತ್ತು.

“ನೋಡವ್ವ, ಬಟ್ಟಿ ಬಿದ್ದದಾ?”

ಹೆಬ್ಬೆರಳು ಒತ್ತಿ ನೋಡಿದೆ. “ಬಿದ್ದದೆ ಕಣಜ್ಜಿ. ನಾಕು ದಿನ ತೀಡುದ್ರೆ ಸರ್ಯಾಯ್ತದೆ” ಎಂದೆ.

ಸುಳ್ಳೆಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಕಣ್ಣು ಮುಚ್ಚಿಕೊಂಡಳು. “ಖಾಲಿ ಒಟ್ಟೇಲೇ ಇವ್ನಿ. ತೀಡು.”

ಆಸ್ಪತ್ರೆಯವರು ಅವಳನ್ನು ಒಯ್ಯಲು ಬರುವವರೆಗೂ ತೀಡಿದೆ. ಹೆಬ್ಬೆರಳಿನಡಿಯ ಬಡಿತ ಮೆಲ್ಲಗಾಯಿತು. ಆಪರೇಷನ್ನಿಗೆ ಒಳಗೆ ಹೋದ ಅಜ್ಜಿ ಜೀವಂತ ಹೊರಗೆ ಬರಲಿಲ್ಲ. ನಾಲ್ಕು ದಿನ ಎಂದಿದ್ದೆ, ಒಂದೇ ದಿನ ಸಿಕ್ಕಿತು.