ಅಳಿಸಿ ತೋರಿಸಿದ ಫೋಟೋ

ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ಕೇಳಿಯೇ ಎರಡು ಕ್ಯಾಮೆರಾಗಳಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದೆ. ಒಂದು ಡಿಜಿಟಲ್, ಇನ್ನೊಂದು ಹಳೆಯ ಫಿಲ್ಮಿನದು. ಎರಡರ ನೆರಳು ಎಲ್ಲಿ ಬೇರೆಯಾಗುತ್ತದೆಂದು ನೋಡುವ ಹುಚ್ಚು ನನಗೆ. ಡಿಜಿಟಲ್ ಪರದೆ ನೋಡಿ ಅವರು ನಕ್ಕರು. ಪಕ್ಕದಲ್ಲಿದ್ದ ಹೆಂಡತಿಯ ಮುಖ ಬಿಳಿಚಿತು.

"ನಾಳೆ ಶಿವಮೊಗ್ಗದಾಗ ಇವ್ರಿಗೆ ಹಾರ್ಟ್ ಆಪರೇಷನ್ ಐತ್ರೀ. ಗೋಡಿಗೆ ಹಾಕೋ ಫೋಟೋ ಇವತ್ತೇ ತೆಗದ್ರೇನು?"

ನಮ್ಮ ಮನೆಯ ಗೋಡೆಯಲ್ಲೂ ಕಪ್ಪು-ಬಿಳುಪಿನಲ್ಲಿರುವವರೆಲ್ಲ ತೀರಿಕೊಂಡವರೇ. ತಕ್ಷಣ ಅಳಿಸಿ ತೋರಿಸಿದೆ.

"ಅದ್ರಾಗಿಂದು?" ಆಕೆಯ ಬೆರಳು ಫಿಲ್ಮ್ ಕ್ಯಾಮೆರಾದ ಕಡೆಗಿತ್ತು.

ಅದರಲ್ಲಿ ಒಂದನ್ನೇ ಅಳಿಸಲು ಬರುವುದಿಲ್ಲ. ಬೆಳಿಗ್ಗೆ ಗುಡವಿ ಪಕ್ಷಿಧಾಮದಲ್ಲಿ ತೆಗೆದ ಹಕ್ಕಿಗಳೂ ಅದೇ ರೋಲಿನಲ್ಲಿದ್ದವು. ಅಷ್ಟರಲ್ಲಿ ಶಿವಮೊಗ್ಗದ ಬಸ್ಸು ಬಂತು. ಗಂಡ ಎದ್ದರು, ಆಕೆ ಏಳಲಿಲ್ಲ. ನಾನು ಮುಚ್ಚಳ ತೆರೆದು ಇಡೀ ರೋಲನ್ನು ಬಿಸಿಲಿಗೆ ಎಳೆದು ಆಕೆಯ ಕೈಗಿಟ್ಟೆ. "ಬೆಳಕು ಬಿತ್ತಮ್ಮ, ಎಲ್ಲಾ ಹೋಯ್ತು."

ಕಂಡಕ್ಟರ್ ಸೀಟಿ ಊದಿದ. ಆಕೆ ಅದನ್ನು ಆಕಾಶಕ್ಕೆ ಹಿಡಿದು ಗೇಣು ಗೇಣಾಗಿ ಹುಡುಕಿದರು. ಬೆಳಕು ಬೀಳಲಿ ಬಿಡಲಿ, ತೊಳೆಯದ ಫಿಲ್ಮಿನಲ್ಲಿ ಚಿತ್ರ ಕಣ್ಣಿಗೆ ಕಾಣುವುದೇ ಇಲ್ಲವೆಂಬುದು ನನಗೆ ಆಗ ಹೊಳೆಯಿತು.

"ಇದ್ರಾಗ ಇವ್ರು ಇಲ್ಲವೇ ಇಲ್ಲಲ್ರೀ," ಎಂದರು. "ಎಲ್ಲಿ ಇಟ್ಕೊಂಡೀರಿ?"