ಹಿಂದಿನ ಸೀಟಿನ ಡ್ರೈವರ್

ಮೊದಲ ದಿನ ಅವನು ಹೊಸ್ತಿಲು ಎಡವಿಯೇ ಅಂಗಡಿಯೊಳಗೆ ಬಂದ.

“ಒದ್ದುಬಿಟ್ಟೆನಲ್ಲ, ಇದು ಹೊಸ್ತಿಲೋ ಗಿರಾಕಿಯೋ?” ಎಂದು ಎದುರಿನ ಗಾಳಿಯನ್ನು ಕೇಳಿದ.

“ಹೊಸ್ತಿಲಪ್ಪ. ಗಿರಾಕಿ ಆಗಿದ್ರೆ ಇಷ್ಟೊತ್ತಿಗೆ ನಿಮಗೂ ಒಂದು ಬಿದ್ದಿರೋದು,” ಎಂದಳು ಸೀಟಮ್ಮ. ಹಲ್ಲಿನ ನಡುವಿದ್ದ ದಾರ ಕಡಿದು, ಆಮೇಲೆ ಮುಖ ಎತ್ತಿದಳು. ಕಪ್ಪು ಕನ್ನಡಕ. ಹುಬ್ಬಿನಿಂದ ಕಿವಿಯವರೆಗೆ ಹರಿದು ಕೂಡಿಸಿದ ಗೆರೆ. ಯಾರೋ ಅವಸರದಲ್ಲಿ ಹಾಕಿದ ಹೊಲಿಗೆ, ಎಂದುಕೊಂಡಳು.

ಅವನ ಹಿಂದೆ ಅಂಚೆಯ ಅಂಗಿ ತೊಟ್ಟ ಒಬ್ಬ ತೆಳ್ಳನೆಯವನು ಬೀದಿಯಲ್ಲೇ ನಿಂತಿದ್ದ. ಅವನು ಹಿಡಿದಿದ್ದ ಸೈಕಲ್ ಎಷ್ಟು ಉದ್ದ ಇತ್ತೆಂದರೆ ಮುಂದಿನ ಚಕ್ರ ಈ ಅಂಗಡಿಯ ಎದುರಿಗಿದ್ದರೆ ಹಿಂದಿನದು ಪಕ್ಕದ ಕ್ಷೌರದ ಅಂಗಡಿಯ ಎದುರಿಗಿತ್ತು. ಎರಡು ಸೀಟು, ಎರಡು ಹ್ಯಾಂಡಲ್, ಎರಡು ಜೊತೆ ಪೆಡಲ್.

“ಮುಂದೆ ಇವನು, ನನ್ನ ಹೆಂಡತಿ ತಮ್ಮ. ಹಿಂದೆ ನಾನು,” ಎಂದ ಕನ್ನಡಕದವನು. “ಇವನಿಗೆ ಕಣ್ಣಿದೆ, ಬಾಯಿಲ್ಲ. ನನಗೆ ಬಾಯಿದೆ, ಕಣ್ಣಿಲ್ಲ. ಇಬ್ಬರೂ ಸೇರಿದ್ರೆ ಒಬ್ಬ ಮನುಷ್ಯ ಆಗ್ತೀವಿ. ಆ ಮನುಷ್ಯನಿಗೆ ಒಂದು ಒಳ್ಳೇ ಸೀಟು ಬೇಕಮ್ಮ.”

ಅವನನ್ನು ಊರಿನವರು ಡ್ರೈವರ್ ಎನ್ನುತ್ತಿದ್ದರು. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವನು. ಒಂದು ದಿನ ಮಣ್ಣಿನೊಳಗೆ ಹೂತಿಟ್ಟ ಸಿಡಿಮದ್ದಿನ ಮೇಲೆ ಚಕ್ರ ಹರಿದು ಎರಡೂ ಕಣ್ಣು ಹೋದವು. ಸೊಂಟದೊಳಗೆ ಕಬ್ಬಿಣದ ಚೂರು ಉಳಿಯಿತು. ಕಣ್ಣು ಕಳೆದುಕೊಂಡ ಸೈನಿಕರಿಗೆಂದೇ ಸಮುದ್ರದ ದಂಡೆಯಲ್ಲಿ ಒಂದು ಆಶ್ರಯಮನೆ ಇತ್ತು. ಅಲ್ಲಿ ಅವನಿಗೆ ಕೋಲು ಹಿಡಿದು ನಡೆಯುವುದನ್ನು, ಗುಂಡಿ ಹಾಕಿಕೊಳ್ಳುವುದನ್ನು, ಬಟ್ಟೆ ಮಡಿಸುವುದನ್ನು ಕಲಿಸಿದ್ದರು. ಈಗ ಹೆಂಡತಿ ಕೆಲಸ ಮಾಡುವ ಲಾಂಡ್ರಿಯಲ್ಲೇ ಅವನೂ ಆಸ್ಪತ್ರೆಗಳ ಹಾಸಿಗೆ ಬಟ್ಟೆ ಮಡಿಸುತ್ತಿದ್ದ. ಅವನು ಮಡಿಸಿದ ಅಂಚಿಗೆ ಅಂಚು ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

ಆ ಆಶ್ರಯಮನೆಗಾಗಿ ವರ್ಷಕ್ಕೊಮ್ಮೆ ಊರೂರಿನ ಸೈಕಲ್‌ನವರು ಜನರಿಂದ ಹಣ ಎತ್ತಿ, ಒಂದು ವಾರಕ್ಕೂ ಮೀರಿ ತುಳಿದು, ಅದರ ಬಾಗಿಲಿಗೆ ಹೋಗಿ ಒಪ್ಪಿಸುತ್ತಿದ್ದರು. ಮುಂದಿನ ಬೇಸಿಗೆಯ ಸವಾರಿಗೆ ಡ್ರೈವರ್ ಹೆಸರು ಕೊಟ್ಟಿದ್ದ.

“ಅಲ್ಲಿಂದ ಹೊರಗೆ ಬಂದಾಗ ಇನ್ನೊಬ್ಬರ ತೋಳು ಹಿಡ್ಕೊಂಡು ಬಂದೆ,” ಎಂದ. “ವಾಪಸ್ ಹೋಗೋವಾಗ ನನ್ನ ಕಾಲಲ್ಲೇ ಹೋಗ್ಬೇಕು. ಗೇಟಲ್ಲಿ ನಿಂತು ಬೆಲ್ ಬಾರಿಸಿ, ‘ಹೊಸದಾಗಿ ಬಂದಿರೋ ಹುಡುಗ್ರೆಲ್ಲ ಹೊರಗೆ ಬನ್ರೋ, ಕುರುಡ ಸೈಕಲ್ ತುಳ್ಕೊಂಡು ಬಂದಿದಾನೆ’ ಅಂತ ಕೂಗ್ಬೇಕು. ಅಷ್ಟೇ ನನ್ನಾಸೆ. ಆಮೇಲೆ ಸೈಕಲ್ ಮಾರಿದ್ರೂ ಚಿಂತೆಯಿಲ್ಲ.”

“ಕೂತ್ಕೊಳ್ಳಿ,” ಎಂದಳು ಸೀಟಮ್ಮ.

“ಎಲ್ಲಿ?”

“ಮೂಟೆ ಮೇಲೆ.”

ಸೀಟಮ್ಮ ಸೀಟು ಹೊಲಿಯುವ ಈ ಕಸುಬನ್ನು ಗಂಡನ ಕೈ ನೋಡಿ ಕಲಿತವಳು. ಅವನು ತೀರಿಕೊಂಡಾಗ ಅಂಗಡಿಗೆ ಬೀಗ ಬಿತ್ತು ಎಂದೇ ಬೀದಿ ಅಂದುಕೊಂಡಿತ್ತು. ಆ ವಾರವೇ ಒಬ್ಬ ಕಂಡಕ್ಟರ್ ಹರಿದ ಬಸ್ ಸೀಟು ಹೊತ್ತು ಬಂದು ಬಾಗಿಲಲ್ಲಿ ನಿಂತ. ಅವಳು ದಬ್ಬಳ ಕೈಗೆತ್ತಿಕೊಂಡಳು, ಇನ್ನೂ ಕೆಳಗಿಟ್ಟಿಲ್ಲ. ಅಕ್ಷರ ಅವಳಿಗೆ ಅಷ್ಟಕ್ಕಷ್ಟೆ. ಗಂಡ ಕಲಿಸಿದ ಅಳತೆಗೆ ಅಕ್ಷರ ಬೇಕಾಗಿಯೂ ಇರಲಿಲ್ಲ. ಒದ್ದೆ ಮರಳು ತುಂಬಿದ ಒಂದು ಗೋಣಿಮೂಟೆ. ಸೈಕಲ್ ಸೀಟು ಬೇಕೆಂದವರು ಅದರ ಮೇಲೆ ಒಂದಿಷ್ಟು ಹೊತ್ತು ಕೂತು ಏಳಬೇಕು. ಬಿದ್ದ ಗುರುತು ನೋಡಿ ಅವಳು ಸ್ಪಂಜು ಕತ್ತರಿಸುತ್ತಿದ್ದಳು. ಮನುಷ್ಯ ಮುಖದಲ್ಲಿ ಏನು ಬೇಕಾದರೂ ತೋರಿಸಬಹುದು, ಕೂರುವಾಗ ಸುಳ್ಳು ಹೇಳಲಾರ ಎಂದು ಗಂಡ ಅನ್ನುತ್ತಿದ್ದ.

ಡ್ರೈವರನ ಗುರುತಿನಲ್ಲಿ ಎಡಗಡೆಯ ಹಳ್ಳ ಬಲದ್ದಕ್ಕಿಂತ ಒಂದು ಬೆರಳು ಆಳವಾಗಿತ್ತು. ಸೊಂಟದ ಚೂರಿನ ಲೆಕ್ಕ ಅದು ಎಂದು ಅವಳು ಹಾಗೆಯೇ ಹೊಲಿದು ಕೊಟ್ಟಳು.

ಅಂದಿನಿಂದ ಬೆಳಗಿನ ಅಭ್ಯಾಸ ಮುಗಿಸಿ ಬರುವಾಗ ಅವನು ಅಂಗಡಿಯಲ್ಲಿ ಇಳಿಯುವುದು ರೂಢಿಯಾಯಿತು. ಭಾವಮೈದುನ ಅವನನ್ನು ಬೆಂಚಿನ ಮೇಲೆ ಕೂರಿಸಿ ಕಾಗದ ಹಂಚಲು ಹೋಗುತ್ತಿದ್ದ.

“ಇವನ ಬಾಯಿಂದ ಮುತ್ತು ಉದುರಿದ್ರೆ ಯಾರಾದ್ರೂ ಆರಿಸ್ಕೊಂಡ್ಬಿಟ್ಟಾರು ಅಂತ ಭಯ ಅಮ್ಮ ಇವನಿಗೆ,” ಎಂದು ದೂರುತ್ತಿದ್ದ ಡ್ರೈವರ್. “ದಾರಿಯುದ್ದಕ್ಕೂ ನಾಲ್ಕೇ ಮಾತು. ಎಡ, ಬಲ, ಗುಂಡಿ, ತಡಿ. ನದಿ ದಾಟಿ ಬಂದ್ವಂತೆ ಇವತ್ತು! ನೀರು ಹೇಗಿತ್ತೋ ಅಂದ್ರೆ, ‘ಇತ್ತು’ ಅಂತಾನೆ.”

“ಇತ್ತಲ್ಲ ಭಾವ,” ಎನ್ನುತ್ತಿದ್ದ ಅಂಚೆಯವನು, ಹೊರಟು ಹೋಗುತ್ತ.

ಆಗ ಡ್ರೈವರ್ ಸೀಟಮ್ಮನ ಕಡೆ ತಿರುಗಿ, “ನೀವು ಹೇಳಿ. ಮುಂದೆ ಏನಿದೆ?” ಎಂದು ಕೇಳುತ್ತಿದ್ದ.

ಅವಳು ಹೊಲಿಗೆ ಬಿಡದೆ ಬೀದಿಯನ್ನು ಹೇಳುತ್ತಿದ್ದಳು. ಕ್ಷೌರದವನು ಕೂದಲು ಗುಡಿಸಿ ಚರಂಡಿಗೆ ತಳ್ಳುತ್ತಿದ್ದಾನೆ, ಯಾರೂ ನೋಡಲಿಲ್ಲ ಅಂದುಕೊಂಡು. ಎದುರಿನ ಮಹಡಿಯಲ್ಲಿ ಒಬ್ಬಳು ಚಾಪೆ ಬಡಿಯುತ್ತಿದ್ದಾಳೆ, ಕೆಳಗೆ ಹೋಗುವವನ ಟೋಪಿ ಮೇಲೆಲ್ಲ ಧೂಳು. ಹಸಿರು ಬಾಗಿಲಿನ ಮುಂದೆ ಕುಂಟು ನಾಯಿ ಮಲಗಿದೆ.

“ಎದ್ದು ಹೋಯ್ತು ಅದು,” ಎನ್ನುವನು. ಅವಳು ತಲೆಯೆತ್ತಿ ನೋಡಿದರೆ ನಾಯಿ ನಿಜವಾಗಿ ಹೋಗಿರುತ್ತಿತ್ತು.

“ನಿಮ್ಮ ಹತ್ರ ಕೇಳೋದು ಯಾಕೆ ಗೊತ್ತಾ? ಬೇರೆಯವರೆಲ್ಲ ನನಗೆ ಬಣ್ಣ ಬಳಿದು ಹೇಳ್ತಾರೆ. ಮೋಡ ಕವಿದಿದ್ರೂ ಆಕಾಶ ಎಷ್ಟು ಚೆನ್ನಾಗಿದೆ ಅಂತಾರೆ. ಮಳೆ ಹನಿ ಮೂಗಿನ ಮೇಲೆ ಬಿದ್ಮೇಲೆ, ಅಯ್ಯೋ ಅಂತಾರೆ. ನೀವು ಇಲ್ಲದ್ದನ್ನ ಹೇಳಲ್ಲ.”

“ಕಾಣದ್ದನ್ನ ಹೇಳೋಕೆ ನಾನೇನು ಕಣಿ ಹೇಳೋಳಾ?” ಎಂದಳು ಸೀಟಮ್ಮ. ಆದರೆ ಆ ಮಾತು ಅವಳಿಗೆ ಹಿತವಾಯಿತು. ಎಷ್ಟೋ ವರ್ಷದಿಂದ ಅವಳು ಕಂಡದ್ದನ್ನು ಯಾರೂ ಕೇಳಿರಲಿಲ್ಲ.

ದಿನ ಕಳೆದ ಹಾಗೆ ಸವಾರಿಯ ದೂರ ಬೆಳೆಯಿತು. ಅಂಗಡಿಯ ಮೇಜಿನ ಮೇಲೆ ಹಣದ ಡಬ್ಬಿ ಇಟ್ಟಾಯಿತು. ಕ್ಷೌರದವನು ಕೂಡ ಹಾಕಿದ. “ಕುರುಡ ತುಳಿಯೋದು, ಕಣ್ಣಿದ್ದೋರು ಕೂತು ಕಾಸು ಹಾಕೋದು. ಕಾಲ ಕೆಟ್ಟಿತು,” ಎಂದು ಗೊಣಗುತ್ತಲೇ ಹಾಕಿದ.

ಒಂದು ಬೆಳಿಗ್ಗೆ ಡ್ರೈವರ್ ಬೆಂಚಿಗೆ ಹೋಗದೆ ನೇರವಾಗಿ ಮೂಟೆಯ ಮೇಲೆ ಕೂತ. ಎದ್ದಾಗ ಎಡಗಡೆ ಅಂಗೈ ಮುಳುಗುವ ಹಳ್ಳ. ಬಲಗಡೆ ಮರಳು ಬರೀ ತಟ್ಟಿದಂತಿತ್ತು.

“ಬಲಗಡೆಗೆ ಇನ್ನೊಂದು ಪದರ ಸ್ಪಂಜು ಹಾಕ್ತೀರಾ?” ಎಂದ, ದನಿ ತಗ್ಗಿಸಿ.

“ನೋವಿದೆಯಾ?”

“ಹಳೇ ಚೂರು. ಚಳಿಗೆ ಸ್ವಲ್ಪ ತಕರಾರು ಮಾಡ್ತಿದೆ. ಜೋಡಿ ಸೈಕಲ್ ನೋಡಿ, ಹಿಂದಿನವನು ವಾಲಿದ್ರೆ ಮುಂದಿನವನಿಗೆ ಬೆನ್ನಲ್ಲೇ ಗೊತ್ತಾಗುತ್ತೆ. ಇವನಿಗೆ ಗೊತ್ತಾದ್ರೆ ಇವನ ಅಕ್ಕನಿಗೆ ಗೊತ್ತಾಗುತ್ತೆ. ಅವಳಿಗೆ ಗೊತ್ತಾದ್ರೆ ಮುಗೀತು, ಸೈಕಲ್‌ಗೆ ಬೀಗ. ಇಷ್ಟು ದೂರ ಬಂದಿದೀನಲ್ಲಮ್ಮ. ನಮ್ಮಿಬ್ಬರಲ್ಲೇ ಇರಲಿ.”

ಸೀಟು ಕೂರುವವನಿಗೆ, ನೋಡುವವರಿಗಲ್ಲ. ಅದೂ ಗಂಡನ ಮಾತೇ. ಸೀಟಮ್ಮ ಬಲಗಡೆಗೆ ಒಂದು ಪದರ ಹಾಕಿ, ಹೊರಗಿನಿಂದ ಗೊತ್ತಾಗದ ಹಾಗೆ ರೆಕ್ಸಿನ್ ಎಳೆದು ಹೊಲಿದಳು. ಸೈಕಲ್ ಏರಿದ ಡ್ರೈವರ್ ನೆಟ್ಟಗೆ, ನೆಲಕ್ಕೆ ಹೊಡೆದ ಗೂಟದ ಹಾಗೆ ಕೂತ. ಅಂಚೆಯವನು ತಿರುಗಿಯೂ ನೋಡದೆ ಪೆಡಲ್ ಒತ್ತಿದ.

ಚಳಿ ಹೋಯಿತು, ನೋವು ಹೋಗಲಿಲ್ಲ. ಮತ್ತೊಂದು ಪದರ ಬೇಕಾಯಿತು. ಮೂರನೆಯ ಸಲ ಬಂದವನು ಮೂಟೆಯಿಂದ ಏಳಲು ಮೇಜಿನ ಅಂಚು ಹಿಡಿದ. ಬೆರಳ ಗೆಣ್ಣು ಬಿಳಿಚಿತು, ಮೇಲ್ದುಟಿಯ ಮೇಲೆ ಬೆವರು ಮೂಡಿತು. ಕುರುಡನಿಗೆ ತನ್ನ ಮುಖ ಇನ್ನೊಬ್ಬರಿಗೆ ಕಾಣುತ್ತದೆ ಎನ್ನುವುದು ಮರೆತುಹೋಗಿರುತ್ತದೋ ಏನೋ. ಅವನು ನಗುತ್ತಲೇ ಇದ್ದ.

“ಸೀಟು ಬಿಟ್ಟು ಹೋಗು,” ಎಂದಳು ಸೀಟಮ್ಮ. ಆ ಹೊತ್ತಿಗೆ ಅವರ ನಡುವೆ ಬಹುವಚನ ಉಳಿದಿರಲಿಲ್ಲ. “ನಾಳೆ ಕೊಡ್ತೀನಿ.”

ಅವನು ಹೋದ ಮೇಲೆ ಅವಳು ಸ್ಪಂಜು ಮುಟ್ಟಲಿಲ್ಲ. ಚಪ್ಪಲಿ ಮೆಟ್ಟಿ ಲಾಂಡ್ರಿಗೆ ಹೋದಳು.

ಡ್ರೈವರ್ ಒಳಗೆ ಯಂತ್ರಗಳ ಸದ್ದಿನ ನಡುವೆ ಬಟ್ಟೆ ಮಡಿಸುತ್ತಿದ್ದ. ಅವನ ಹೆಂಡತಿ ಹಿತ್ತಲಿನಲ್ಲಿ ಒದ್ದೆ ಹೊದಿಕೆ ಹಿಂಡುತ್ತಿದ್ದಳು. ಸೀಟಮ್ಮ ಎಂದೂ ಸುತ್ತುಬಳಸಿ ಮಾತಾಡಿದವಳಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಹಳ್ಳ ಎಷ್ಟು ಆಳ, ಮೇಜು ಹೇಗೆ ಹಿಡಿದ, ತಾನು ಎಷ್ಟು ಪದರ ಹಾಕಿದ್ದೆ, ಎಲ್ಲ. ಆ ಹೆಂಗಸು ಹಿಂಡುವುದನ್ನು ನಿಲ್ಲಿಸಲಿಲ್ಲ.

“ಗೊತ್ತಮ್ಮ,” ಎಂದಳು. “ಚಳಿಗಾಲದಿಂದ ಬಲಮಗ್ಗುಲಿಗೆ ಮಲಗೋದೇ ಇಲ್ಲ ಅವರು. ನನಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾದ್ರೆ ಸವಾರಿ ಬಿಟ್ಟುಬಿಡ್ತಾರೆ, ಬಿಟ್ಟ ದಿನವೇ ಮೂಲೆ ಹಿಡೀತಾರೆ. ಅದಕ್ಕೇ ಸುಮ್ಮನಿದ್ದೆ. ನನ್ನ ತಮ್ಮನಿಗಂತೂ ಒಂದು ಮಾತೂ ಹೇಳಿಲ್ಲ.”

ಕಾಗದ ಕೊಡಲು ಬಂದಿದ್ದ ತಮ್ಮ ಹಿತ್ತಲ ಬಾಗಿಲಲ್ಲೇ ನಿಂತಿದ್ದ. ಹೆಗಲಿನ ಕಾಗದದ ಚೀಲವನ್ನು ಕೆಳಗಿಟ್ಟ.

“ಭಾವ ತುಳೀತಾನೇ ಇಲ್ಲ ಅಕ್ಕ,” ಎಂದ. “ಕಾಲು ಪೆಡಲ್ ಮೇಲಿರುತ್ತೆ, ಬಲ ಇರಲ್ಲ. ಎರಡು ತಿಂಗಳಾಯ್ತು. ಇಬ್ಬರದ್ದೂ ನಾನೇ ತುಳೀತಿದೀನಿ.”

ಅವನು ಅಷ್ಟುದ್ದ ಮಾತಾಡಿದ್ದನ್ನು ಸೀಟಮ್ಮ ಅದೇ ಮೊದಲು ಕೇಳಿದ್ದು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ, ಯಾರಿಗೂ ಕಾಣುವುದಿಲ್ಲ ಎಂದು. ಇಲ್ಲಿ ಮೂರು ಬೆಕ್ಕು. ಕಣ್ಣಿದ್ದ ಮೂವರೂ ಕಣ್ಣಿಲ್ಲದವನ ಆಸೆ ಮುರಿಯಬಾರದೆಂದು ಕಣ್ಣು ಮುಚ್ಚಿಕೊಂಡಿದ್ದರು. ಪ್ರತಿಯೊಬ್ಬರೂ ಇದು ತಮಗೊಬ್ಬರಿಗೇ ಗೊತ್ತು ಅಂದುಕೊಂಡದ್ದರಿಂದ ಯಾರೂ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿರಲಿಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊದಿಕೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು ನೋವು ಚೂರಿನದ್ದಲ್ಲ ಎಂದು. ಮೂಳೆಯಲ್ಲೇ ಗೆಡ್ಡೆ ಬೆಳೆದಿತ್ತು, ಅಲ್ಲಿಂದ ಬೇರೆ ಕಡೆಗೂ ಹಬ್ಬಿತ್ತು. ಮೊದಲೇ ಬಂದಿದ್ದರೆ ಎಂದು ಹೆಂಡತಿ ಕೇಳಿದಳು. ಡಾಕ್ಟರು ಒಳ್ಳೆಯವರು, ಆ ಪ್ರಶ್ನೆ ಕೇಳಿಸದವರಂತೆ ಕನ್ನಡಕ ಒರೆಸಿಕೊಂಡರು.

ಸವಾರಿಯ ದಿನ ಹತ್ತಿರವಾದಾಗ ಅಂಚೆಯವನು ತಾನು ಹೋಗುವುದಿಲ್ಲ ಎಂದ. ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಡ್ರೈವರ್ ರೇಗಿದ.

“ಡಬ್ಬಿ ತುಂಬ ಜನರ ಕಾಸಿದೆ ಕಣೋ. ಅದನ್ನೇನು ಅಂಚೆಯಲ್ಲಿ ಕಳಿಸ್ತೀಯಾ? ನಿಮ್ಮ ಇಲಾಖೆ ನಂಬ್ಕೊಂಡ್ರೆ ಮುಂದಿನ ವರ್ಷ ತಲುಪುತ್ತೆ.”

“ಹಿಂದೆ ಭಾರ ಇಲ್ದೆ ಆ ಸೈಕಲ್ ನನ್ನ ಮಾತು ಕೇಳಲ್ಲ ಭಾವ.” ಅಂಚೆಯವನು ಕಿಟಕಿಯ ಕಡೆ ತಿರುಗಿಕೊಂಡಿದ್ದ.

ಡ್ರೈವರ್ ಬಾಗಿಲ ಬಳಿ ನಿಂತಿದ್ದ ಸೀಟಮ್ಮನನ್ನು ಕರೆದ. “ಅಮ್ಮಾ, ನಿನ್ನ ಮೂಟೆ ಕೊಡ್ತೀಯಾ? ನನ್ನ ಭಾರ ಗೊತ್ತಿರೋದು ಅದಕ್ಕೊಂದಕ್ಕೇ.”

ಅವಳು ಮೂಟೆ ಬಿಚ್ಚಿ ಮರಳನ್ನು ಬಿಸಿಲಿಗೆ ಹರವಿ ಒಣಗಿಸಿದಳು. ಅಂಚೆಯವನ ಕಾಲಿಗೆ ಕರುಣೆ ತೋರಿಸಿ ಅರ್ಧಕ್ಕೂ ಹೆಚ್ಚು ತೆಗೆದಳು. ಉಳಿದದ್ದಕ್ಕೆ ರೆಕ್ಸಿನ್ ಚೀಲ ಹೊಲಿದಳು. ಸೀಟಿನ ಬಲಗಡೆ ಹಾಕಿದ್ದ ಪದರಗಳನ್ನು ಬಿಚ್ಚಿ ತೆಗೆದು ಎರಡೂ ಕಡೆ ಸಮ ಮಾಡಿದಳು. ಹೊರಡುವ ದಿನ ಬೆಳಿಗ್ಗೆ ಮೂಟೆಯನ್ನು ಹಿಂದಿನ ಸೀಟಿನ ಮೇಲೆ ಕೂರಿಸಿ, ಎರಡು ಬೆಲ್ಟಿನಿಂದ ಬಿಗಿದು, ದೂರ ನಿಂತು ನೋಡಿದಳು. ಮತ್ತೆ ಬಂದು ಒಂದು ಬಕಲ್ ಬಿಗಿ ಮಾಡಿದಳು. ಬೀದಿಯ ಜನ ಸಾಲಾಗಿ ನಿಂತಿದ್ದರು. ಕ್ಷೌರದವನೂ ತಮಾಷೆ ಮಾಡಲಿಲ್ಲ.

ಸವಾರಿ ನಡೆದಿದ್ದ ಆ ದಿನಗಳಲ್ಲಿ ಮಧ್ಯಾಹ್ನ ಹೆಂಡತಿ ಊಟಕ್ಕೆಂದು ಎದ್ದಾಗ ಸೀಟಮ್ಮ ಹಾಸಿಗೆಯ ಪಕ್ಕ ಕೂರುತ್ತಿದ್ದಳು. ಕಿಟಕಿಯ ಆಚೆ ಒಂದು ಗೋಡೆ, ಗೋಡೆಯ ಮೇಲೊಂದು ನೀರಿನ ಕೊಳವೆ. ಬೇರೇನೂ ಇರಲಿಲ್ಲ.

“ಮುಂದೆ ಏನಿದೆ ಅಮ್ಮ?” ಎಂದ ಡ್ರೈವರ್ ಒಂದು ದಿನ. ದನಿ ಕೇಳಲು ಅವಳು ಬಾಗಬೇಕಿತ್ತು. “ಇಲ್ಲಿ ಅಲ್ಲ, ಅವನ ಮುಂದೆ.”

ಸೀಟಮ್ಮ ಆ ಊರಿನ ಬಸ್ ನಿಲ್ದಾಣ ದಾಟಿ ಹೋದವಳಲ್ಲ. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ನೋಡಿದ್ದಳು. ಕೊಳವೆಯಿಂದ ನೀರು ಸೋರಿ ಗೋಡೆಯ ಮೇಲೆ ಉದ್ದಕ್ಕೆ ಪಾಚಿ ಕಟ್ಟಿತ್ತು. ಅವಳು ಅದನ್ನೇ ನೋಡುತ್ತ, ನಿಧಾನವಾಗಿ ಹೇಳತೊಡಗಿದಳು.

“ಇಳಿಜಾರು ಮುಗೀತು. ಎರಡೂ ಕಡೆ ಮರ ಇದೆ, ಅಂಥಾ ದೊಡ್ಡವಲ್ಲ. ಒಬ್ಬಳು ಬಾವಿ ಹತ್ರ ನಿಂತು ನೋಡ್ತಿದಾಳೆ, ಬಿಂದಿಗೆ ತುಂಬಿ ಚೆಲ್ತಾ ಇದೆ, ಅವಳಿಗೆ ಗೊತ್ತಿಲ್ಲ. ಗಾಳಿ ಎದುರಿಂದ. ಗಾಳೀಲಿ ಉಪ್ಪಿದೆ.”

“ಸಮುದ್ರ ಕಾಣುತ್ತಾ?”

“ಇನ್ನೂ ಇಲ್ಲ. ಆ ತಿರುವು ದಾಟಿದ್ಮೇಲೆ.”

ಅವನ ತುಟಿಯ ಒಂದು ಬದಿ ನಕ್ಕಿತು. ಅವಳು ಕಾಣದ್ದನ್ನು ಹೇಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದೆ ಎಂದು ಅವಳಿಗೂ ತಿಳಿಯಿತು. ಅವನ ಕೈ ಹೊದಿಕೆಯ ಅಂಚನ್ನು ಹುಡುಕಿ ಮತ್ತೊಂದು ಅಂಚಿಗೆ ಸರಿಯಾಗಿ ಕೂಡಿಸಿತು. ಅಲ್ಲೇ ನಿಂತಿತು. ನಿದ್ದೆ ಹೋದನೆಂದು ಅವಳು ಏಳಹೊರಟಾಗ ಅವನು ಮತ್ತೆ ಬಾಯಿ ತೆರೆದ.

“ಅಮ್ಮಾ, ಮೂಟೆ ನೆಟ್ಟಗೆ ಕೂತಿದೆಯಾ? ಒಂದು ಕಡೆಗೆ ವಾಲಿಲ್ಲ ತಾನೇ?”