ದುರ್ಗಿ ವಿಂಗಡಿಸಿದ ಬಾಟಲಿಗಳು

ಗಂಡ ಸತ್ತ ಮೇಲೆ ದುರ್ಗಿ ಮಂಕಿ ಎಂಬ ಊರಲ್ಲಿ ಮೈದುನನ ಮನೆಯ ಸಂಬಳವಿಲ್ಲದ ಆಳಾದಳು. ಹಲವು ಮಳೆಗಾಲ ಹಾಗೇ ಕಳೆದವು. ಕೊನೆಗೊಂದು ದಿನ ಒಲೆಯ ಮೇಲೆ ಗಂಜಿ ಕುದಿಯುತ್ತಿರುವಾಗಲೇ ಸೌಟು ಕೆಳಗಿಟ್ಟು, ಉಟ್ಟ ಸೀರೆಯಲ್ಲಿ ಹೊನ್ನಾವರಕ್ಕೆ ನಡೆದುಬಂದಳು. ಅಲ್ಲಿ ಗುಡ್ಡದ ಮೇಲಿನ ಬಂಗಲೆಯಲ್ಲಿ ಪಾರ್ಸಿ ಮುದುಕರೊಬ್ಬರು ಒಂಟಿಯಾಗಿದ್ದರು. ಮರದ ನಾಟಾ ವ್ಯಾಪಾರ ಮಾಡಿ ಬಿಟ್ಟವರು, ಊರಿಗೆಲ್ಲ ಬಾವಾಜಿ. ಅವರ ಅಡುಗೆಗೆಂದು ಸೇರಿದ ದುರ್ಗಿಯ ಸೊಂಟಕ್ಕೆ ಕ್ರಮೇಣ ಮನೆಯ ಬೀಗದ ಕೈಗಳೆಲ್ಲ ಬಂದವು. ಮಂಕಿಯ ಆ ಒಲೆಯ ಮುಂದೆ ಮತ್ತೆ ಕೂರುವುದಿಲ್ಲ ಎಂದು ಅವಳು ನಿಶ್ಚಯಿಸಿದ್ದಳು.

ಬಂಗಲೆಯ ಅಡಿಯಲ್ಲಿ ಚಿರೆಕಲ್ಲು ಕಡಿದು ಮಾಡಿದ ತಂಪು ಕೋಣೆಯೊಂದಿತ್ತು. ಅಲ್ಲಿ ಫ್ರಾನ್ಸ್ ದೇಶದ ಬೋರ್ದೋ ಸೀಮೆಯ ಕೆಂಪು ವೈನ್ ಬಾಟಲಿಗಳು ಅಡ್ಡಡ್ಡ ಮಲಗಿದ್ದವು. ಕ್ಯಾಬರ್ನೆ ಎಂಬ ದಪ್ಪ ಸಿಪ್ಪೆಯ ಕರಿದ್ರಾಕ್ಷಿಯಿಂದ ಮಾಡಿದ್ದು. ವರ್ಷಗಟ್ಟಲೆ ಇಟ್ಟರೆ ಹದಕ್ಕೆ ಬರುವಂಥದು. ಎರಡು ಬಗೆ ಇದ್ದವು. ಸಾವಿರದ ಒಂಬೈನೂರನೆಯ ಇಸವಿಯದನ್ನು ಬಾವಾಜಿಯ ತಂದೆ ಕೊಂಡಿಟ್ಟಿದ್ದರು, ಇಪ್ಪತ್ತೆಂಟರದನ್ನು ಬಾವಾಜಿಯೇ ತರಿಸಿದ್ದರು. ಎರಡೂ ಬೊಂಬಾಯಿಗೆ ಪೀಪಾಯಿಯಲ್ಲಿ ಬಂದು ಒಂದೇ ಅಂಗಡಿಯಲ್ಲಿ ಬಾಟಲಿಗೆ ಇಳಿದಿದ್ದರಿಂದ ಗಾಜು ಒಂದೇ ಅಚ್ಚು, ಬಿರಡೆಗಳ ಮೇಲೆ ಒಂದಕ್ಷರವಿಲ್ಲ. ಯಾವುದು ಯಾವ ವರ್ಷದ್ದೆಂದು ಹೇಳುತ್ತಿದ್ದುದು ಮೇಲೆ ಅಂಟಿಸಿದ ಚೀಟಿಯೊಂದೇ.

ನಲವತ್ನಾಲ್ಕರ ದೀಪಾವಳಿಯಲ್ಲಿ ಆ ಚೀಟಿಗಳು ಹೋದವು. ನೀರು ತುಂಬುವ ಹಬ್ಬದ ದಿನ ನಮ್ಮ ಕರಾವಳಿಯಲ್ಲಿ ಮನೆಯ ಹಂಡೆ, ಕೊಡ, ತಂಬಿಗೆ ಯಾವುದೂ ತೊಳೆಯದೆ ಉಳಿಯಬಾರದು. ಹಿಂದಿನ ವರ್ಷಗಳಲ್ಲಿ ಕೆಳಕೋಣೆಯ ಬೀಗದ ಕೈ ದುರ್ಗಿಯಲ್ಲಿರಲಿಲ್ಲ, ಈ ವರ್ಷ ಇತ್ತು. ಬಾವಾಜಿ ಮಧ್ಯಾಹ್ನ ಮಲಗಿದ್ದಾಗ ಅವಳು ಬಾಟಲಿಗಳನ್ನೆಲ್ಲ ಬಾವಿಕಟ್ಟೆಗೆ ಹೊತ್ತು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿ, ಬೂಸ್ಟು ಹಿಡಿದ ಕಾಗದಗಳನ್ನು ಕೆರೆದು ತೆಗೆದು, ಕೈಗೆ ಸಿಕ್ಕ ಕ್ರಮದಲ್ಲಿ ಮರಳಿ ಜೋಡಿಸಿದಳು. ಹಬ್ಬಕ್ಕೆ ಬೊಂಬಾಯಿಯಿಂದ ಬಂದಿದ್ದ ಬಾವಾಜಿಯ ತಮ್ಮನ ಮಗ ಹೋಮಿ ಅದನ್ನು ನೋಡಿ ತಲೆಯ ಮೇಲೆ ಕೈ ಹೊತ್ತ. ಇವಳನ್ನು ಇವತ್ತೇ ಮಂಕಿಗೆ ಅಟ್ಟಬೇಕು, ಗೋವೆಯ ಒಬ್ಬ ಬಟ್ಲರನನ್ನು ತಾನು ಕಳಿಸುತ್ತೇನೆ ಎಂದು ಹಟ ಹಿಡಿದ. ಅವರ ಗುಜರಾತಿ ದುರ್ಗಿಗೆ ಅಷ್ಟಿಷ್ಟು ತಿಳಿಯುತ್ತಿತ್ತು. ಮಂಕಿ ಎಂಬ ಮಾತಂತೂ ಚೆನ್ನಾಗಿ ತಿಳಿಯಿತು.

ಬಾವಾಜಿ ಒಂದು ಬಾಟಲಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಅವರ ಕಣ್ಣಿಗೆ ಪೊರೆ ಬಂದಿತ್ತು, ಏನೂ ತಿಳಿಯಲಿಲ್ಲ. ಕೊನೆಗೆ ದುರ್ಗಿಯನ್ನು ಕರೆದು, ಕಲಸಿದವಳು ನೀನು, ಬೇರ್ಪಡಿಸುವವಳೂ ನೀನೇ ಎಂದರು. ನಮ್ಮ ಹೊಸ ವರ್ಷ ಪತೇತಿಗೆ ಹೋಮಿ ಮತ್ತೆ ಬರುತ್ತಾನೆ. ಅವತ್ತು ಊಟದ ಮೇಜಿಗೆ ನನ್ನ ಅಪ್ಪನ ವೈನಿನ ಒಂದು ಬಾಟಲಿ ತಂದಿಡು. ಅದು ಹಳೆಯದೇ ಆಗಿದ್ದರೆ ನೀನು ಇರುತ್ತೀ, ಇಲ್ಲದಿದ್ದರೆ ಅವನ ಬಟ್ಲರ್ ಬರುತ್ತಾನೆ ಎಂದರು. ದುರ್ಗಿ ಅಳಲಿಲ್ಲ, ತಪ್ಪಾಯಿತೆಂದು ಕಾಲಿಗೂ ಬೀಳಲಿಲ್ಲ. ಆತು ಎಂದಳು.

ಬಾವಾಜಿ ಆದಿತ್ಯವಾರ ರಾತ್ರಿ ಊಟಕ್ಕೆ ಒಂದು ಬಾಟಲಿ ತೆಗೆಸುತ್ತಿದ್ದರು. ಅದೇ ಅವಳ ಶಾಲೆಯಾಯಿತು. ತೆಗೆಯುವ ಮೊದಲು ಇದು ಹಳೆಯದೋ ಹೊಸದೋ ಅವಳು ಹೇಳಬೇಕು, ಕುಡಿದು ಅವರು ಹೇಳುತ್ತಾರೆ. ಅವಳ ತಿಕ್ಕಾಟಕ್ಕೆ ಬಾಟಲಿಗಳ ತಳದಲ್ಲಿ ಕೂತಿದ್ದ ಗಷ್ಟು ಎದ್ದು ಮೊದಲ ತಿಂಗಳುಗಳಲ್ಲಿ ಎಲ್ಲವೂ ಕದಡಿದ ಗದ್ದೆಯ ನೀರಿನಂತಿದ್ದವು. ಅವು ತಿಳಿಯಾಗುವವರೆಗೆ ಅವಳು ಕೋಣೆಗೆ ಬೆಕ್ಕನ್ನೂ ಬಿಡಲಿಲ್ಲ. ತಿಳಿಯಾದ ಮೇಲೆ, ಗಷ್ಟು ಹೆಚ್ಚು ಕಟ್ಟಿದ್ದೇ ಹಳೆಯದಿರಬೇಕೆಂದು ಲೆಕ್ಕ ಹಾಕಿದಳು. ಒಮ್ಮೆ ಸರಿಯಾಯಿತು, ಮತ್ತೆರಡು ಸಲ ತಪ್ಪಿತು. ಇಪ್ಪತ್ತೆಂಟರದೂ ಧಾರಾಳವಾಗಿ ಗಷ್ಟು ಬಿಟ್ಟಿತ್ತು.

ಬರೀ ಕಣ್ಣಿನಲ್ಲಿ ಆಗುವ ಕೆಲಸವಲ್ಲ, ನಾಲಿಗೆಗೆ ಹಾಕು ಎಂದರು ಬಾವಾಜಿ. ದುರ್ಗಿ ಒಪ್ಪಲಿಲ್ಲ. ಅವಳ ಕುಲದ ಹೆಂಗಸರು ಕುಡಿಯುವುದಿಲ್ಲ. ನುಂಗಬೇಡ, ಬಾಯಿಯಲ್ಲಿ ಹೊರಳಿಸಿ ಉಗಿದುಬಿಡು, ವಿಲಾಯತಿಯ ವ್ಯಾಪಾರಿಗಳೂ ಹಾಗೇ ಮಾಡುವುದು ಎಂದಾಗ ಅವಳು ಯೋಚಿಸಿದಳು. ಉಗಿಯುವುದು ಅವಳಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ದಿನಕ್ಕೆಷ್ಟೋ ಸಲ ಎಲೆ ಅಡಿಕೆಯ ಕವಳ ಹಾಕುವ ಬಾಯಿ ಅದು. ತೊಡಕಿದ್ದದ್ದು ಆ ಕವಳದಲ್ಲಿಯೇ. ಸುಣ್ಣ, ತಂಬಾಕು ತಿಂದು ಸುಟ್ಟ ನಾಲಿಗೆಗೆ ವೈನ್ ಬರೀ ಹುಳಿನೀರು. ದುರ್ಗಿ ಕವಳ ಬಿಟ್ಟಳು. ತಲೆ ಸಿಡಿಯಿತು, ಊಟ ಸೇರಲಿಲ್ಲ, ಹಾಲಿನ ಹೆಂಗಸಿನ ಮೇಲೆ ಕಾರಣವಿಲ್ಲದೆ ಹರಿಹಾಯ್ದಳು. ಆದರೆ ಮತ್ತೆ ಎಲೆ ಮುಟ್ಟಲಿಲ್ಲ.

ನಾಲಿಗೆ ತಿಳಿಯಾದಂತೆ ವ್ಯತ್ಯಾಸ ಕಾಣತೊಡಗಿತು. ಇಪ್ಪತ್ತೆಂಟರದು ಎಳೆ ಅಡಿಕೆ ಕಚ್ಚಿದಂತೆ ಒಗರು, ವಸಡೆಲ್ಲ ಬಿಗಿಯುತ್ತಿತ್ತು. ವಾಸನೆಯಲ್ಲಿ ನೇರಳೆ, ಹಸಿಮೆಣಸಿನ ತೊಟ್ಟು, ಆಗಷ್ಟೇ ಕೆತ್ತಿದ ಪೆನ್ಸಿಲು. ಹಳೆಯದರಲ್ಲಿ ಒಗರೇ ಇರಲಿಲ್ಲ. ಒಗರೆಲ್ಲ ಕಾಲಕ್ರಮದಲ್ಲಿ ಗಷ್ಟಾಗಿ ಕೆಳಗಿಳಿಯುತ್ತದೆ ಎಂದು ಬಾವಾಜಿ ವಿವರಿಸಿದರು. ಅಲ್ಲಿ ಉಳಿದದ್ದು ಒಣ ತಂಬಾಕು, ಚರ್ಮದ ಚೀಲ, ಒಣಗಿಸಿಟ್ಟ ಮುರುಗಲು ಹಣ್ಣಿನ ಸಿಪ್ಪೆ.

ಅಷ್ಟರಲ್ಲಿ ಮಂಕಿಗೆ ಸುದ್ದಿ ಮುಟ್ಟಿತ್ತು. ಮೈದುನನ ಹೆಂಡತಿ ತಿಮ್ಮಿ ಒಂದು ಬೆಳಿಗ್ಗೆ ಬಂದು ಹಿತ್ತಿಲ ಮೆಟ್ಟಿಲ ಮೇಲೆ ಕುಳಿತಳು.

"ಊರಲ್ಲಿ ಎಂತ ಹೇಳ್ತ್ರು ಗೊತ್ತುಂಟನೆ ಅಕ್ಕ? ದುರ್ಗಿ ಬಾವಾಜಿ ಸಂಗ್ತಿಗೆ ಕೂತ್ಕಂಡು ಕುಡೀತಾಳೆ ಹೇಳಿ."

"ಕೂತ್ಕಂಡಲ್ಲ, ನಿಂತ್ಕಂಡು. ಕುಡಿಯೂದೂ ಅಲ್ಲ, ಉಗಿಯೂದು."

"ಬಾಯಿಗೆ ಹಾಕ್ದ ಮೇಲೆ ಎರಡೂ ಒಂದೇಯ."

"ನೀ ಆಗಿಂದ ನನ್ನ ಮೆಟ್ಟಿಲ ಬುಡದಲ್ಲಿ ಕವಳ ಉಗೀತಾ ಇದ್ದೆ. ಅಡಿಕೆ ತಿಂದು ಹೊಟ್ಟೆ ತುಂಬ್ತನೆ?"

ತಿಮ್ಮಿಗೆ ನಗು ತಡೆಯಲಾಗಲಿಲ್ಲ. ಆದರೆ ಬಂದ ಕೆಲಸ ಮರೆಯಲಿಲ್ಲ. ಇಲ್ಲಿಂದ ಹೊರಬಿದ್ದರೆ ಮನೆಗೆ ಬಾ, ಗಂಡನನ್ನು ನಾನು ಒಪ್ಪಿಸುತ್ತೇನೆ. ಬೀಸುವುದಕ್ಕೂ ಕುಟ್ಟುವುದಕ್ಕೂ ಒಂದು ಕೈ ಬೇಕೇ ಬೇಕು ಎಂದಳು. ಅವಳ ದನಿಯಲ್ಲಿ ಕೇಡಿರಲಿಲ್ಲ. ದುರ್ಗಿಗೆ ಅದೇ ಹೆಚ್ಚು ಭಯ ಹುಟ್ಟಿಸಿತು. ತಿಮ್ಮಿ ಹೋದ ಮೇಲೆ ಮೆಟ್ಟಿಲು ತೊಳೆದು ಕೆಳಕೋಣೆಗೆ ಇಳಿದಳು.

ಬಾಟಲಿ ತೆರೆಯದೆ ಹೇಳುವ ದಾರಿ ಸಿಕ್ಕಿದ್ದು ಬಣ್ಣದಲ್ಲಿ. ಲೋಟವನ್ನು ಬಿಳಿ ಬಟ್ಟೆಯ ಮೇಲೆ ಓರೆ ಹಿಡಿದರೆ, ಹೊಸದರ ಅಂಚು ನೇರಳೆ ಹಣ್ಣಿನ ರಸ, ಹಳೆಯದರ ಅಂಚು ಹೆಂಚಿನ ಬಣ್ಣ. ಅಂಚು ಕಾಣಲು ವೈನ್ ತೆಳುವಾಗಬೇಕು, ಅಷ್ಟೇ ಅಲ್ಲವೇ? ಮುಚ್ಚಿದ ಬಾಟಲಿಯಲ್ಲೂ ಕುತ್ತಿಗೆಯ ಹತ್ತಿರ ತೆಳುವಾಗುವಂತೆ ಬಾಗಿಸಿ, ಹಿಂದೆ ದೀಪ ಹಿಡಿದರೆ ಹೇಗೆ? ಗಷ್ಟು ಏಳದಂತೆ, ಮಲಗಿದ ಮಗುವನ್ನು ಹೊರಳಿಸುವಷ್ಟು ಮೆಲ್ಲಗೆ ಬಾಗಿಸಿ ನೋಡಿದಳು. ಹಸಿರು ಗಾಜಿನ ಆಚೆ ಬಣ್ಣ ಮಬ್ಬು, ಆದರೂ ಎರಡನ್ನು ಅಕ್ಕಪಕ್ಕ ಹಿಡಿದರೆ ಬೇರೆ ತೋರುತ್ತಿತ್ತು. ಮಳೆಗಾಲ ಹಿಡಿಯುವ ಹೊತ್ತಿಗೆ ಅವಳು ಹೇಳಿದ್ದು ಒಂದೂ ತಪ್ಪುತ್ತಿರಲಿಲ್ಲ. ಬಾಟಲಿಗಳು ಮತ್ತೆ ಎರಡು ಸಾಲಾದವು.

ಆದರೆ ನಾಲಿಗೆ ಅವಳಿಗೆ ಇನ್ನೊಂದು ವಿಷಯವನ್ನೂ ಹೇಳಿತ್ತು. ಹಳೆಯವು ಸಾಯುತ್ತಿದ್ದವು. ಕೆಲವು ಸುರಿದ ಗಳಿಗೆ ಒಂದಿಷ್ಟು ಘಮ ಕೊಟ್ಟು, ಅನ್ನ ಬಡಿಸುವಷ್ಟರಲ್ಲಿ ಸಪ್ಪೆಯಾಗುತ್ತಿದ್ದವು. ಹೆಚ್ಚಿನವು ಮೊದಲೇ ಸಪ್ಪೆ. ಪ್ರತಿ ಸಲವೂ ಬಾವಾಜಿ ಇದು ಈ ಒಂದು ಬಾಟಲಿಯ ದೋಷ, ಮುಂದಿನದು ನೋಡು ಎನ್ನುತ್ತಿದ್ದರು. ಅಪ್ಪನ ವೈನ್ ಕೆಡುವುದುಂಟೇ? ಇತ್ತ ಇಪ್ಪತ್ತೆಂಟರದನ್ನು ಬೆಳಿಗ್ಗೆಯೇ ಗಾಜಿನ ಹೂಜಿಗೆ ಬಗ್ಗಿಸಿ ಗಾಳಿಗಿಟ್ಟರೆ, ರಾತ್ರಿಯ ಹೊತ್ತಿಗೆ ಒಗರು ಸಡಿಲಿ ಬಾಯಿ ತುಂಬ ನಿಲ್ಲುತ್ತಿತ್ತು.

ಪತೇತಿಯ ಹಿಂದಿನ ದಿನ ಹೋಮಿ ಬಂದ, ಬಟ್ಲರನಿಗೆ ಮಾತು ಕೊಟ್ಟೇ ಬಂದಿದ್ದ. ದುರ್ಗಿ ದೀಪ ಹಿಡಿದು ಎರಡು ಸಾಲುಗಳ ನಡುವೆ ನಿಂತಳು. ಹೋಮಿಗೆ ಹಳೆಯದು ಎಂದರೆ ಒಳ್ಳೆಯದು. ಇಪ್ಪತ್ತೆಂಟರದನ್ನು ಹೂಜಿಯಲ್ಲಿ ತಂದು ಇದು ಹಳೆಯದು ಎಂದರೆ ಅವನು ಚಪ್ಪರಿಸಿ ಕುಡಿಯುತ್ತಾನೆ. ಬಾವಾಜಿಯೂ ಅಪ್ಪನ ವೈನ್ ಚಿರಂಜೀವಿ ಎಂದು ನಂಬಲು ಕಾದಿರುವವರು, ಬಾಯಿ ಬಿಡಲಾರರು. ಕೇಳಿದ್ದನ್ನೇ ತಂದರೆ ಇಬ್ಬರೂ ಕುಡಿಯುವುದು ಬಣ್ಣದ ನೀರು. ಇವಳಿಗೆ ಗುರುತು ತಪ್ಪಿತು ಎಂದು ಹೋಮಿ ಹೇಳಲು ಅಷ್ಟು ಸಾಕು. ಮಂಕಿಯ ದಾರಿ ಅವಳ ಕಣ್ಣ ಮುಂದೆ ಬಂತು. ಹೊಸ ಸಾಲಿನತ್ತ ಒಮ್ಮೆ ಕೈ ಹೋಯಿತು ಕೂಡ. ಇಷ್ಟು ತಿಂಗಳು ಕಣ್ಣು, ಮೂಗು, ನಾಲಿಗೆಗಳನ್ನು ತಿದ್ದಿದ್ದು ಕೊನೆಗೆ ಒಂದು ಸುಳ್ಳು ಬಡಿಸಲಿಕ್ಕೆಯೇ? ಅವಳು ಹಳೆಯ ಸಾಲಿನಿಂದ ಒಂದನ್ನು ತೆಗೆದು, ಗಷ್ಟು ತಳಕ್ಕೆ ಇಳಿಯಲೆಂದು ನೆಟ್ಟಗೆ ನಿಲ್ಲಿಸಿ ಬಂದಳು.

ಮರುದಿನ ಮೇಜಿನ ಬಳಿಯೇ ಬಿರಡೆ ತೆಗೆದು, ಗಷ್ಟು ಕುತ್ತಿಗೆಗೆ ಬರುವ ಮೊದಲು ಕೈ ನಿಲ್ಲಿಸಿ ಸುರಿದಳು. ಹೋಮಿ ಒಂದು ಗುಟುಕು ಕುಡಿದು ಲೋಟ ದೂರ ಸರಿಸಿದ. ಅವಳಿಗೂ ಅರ್ಥವಾಗಲೆಂದು ತನ್ನ ಹರಕು ಕನ್ನಡದಲ್ಲಿ, ಇದು ಅಜ್ಜನ ವೈನ್ ಅಲ್ಲ, ಏನೋ ಹಾಳು ಬಾಟಲಿ, ಪರೀಕ್ಷೆ ಮುಗಿಯಿತು ಎಂದ.

ಬಾವಾಜಿ ಗುಟುಕನ್ನು ಬಾಯಿಯಲ್ಲಿ ಬಹಳ ಹೊತ್ತು ಇಟ್ಟುಕೊಂಡು ನುಂಗಿದರು.

"ಇದು ಯಾವುದು, ದುರ್ಗಿ?"

"ಹಳೇದು."

"ರುಚಿ?"

"ಹೋಯ್ತು. ಇದೊಂದೇ ಬಾಟ್ಲಿದಲ್ಲ, ಆ ಸಾಲಿಂದೆಲ್ಲ ಹೋಗ್ತಾ ಉಂಟು. ಹೊಸದನ್ನ ತಂದು ಹಳೇದು ಅಂದಿದ್ರೆ ಇವರು ಇನ್ನೊಂದು ಲೋಟ ಕೇಳ್ತಿದ್ರು. ನೀವು ಕೇಳಿದ್ದು ಹಳೇದು. ಅದನ್ನೇ ತಂದೆ."

ಹೋಮಿ, ನೋಡಿದಿರಾ ಇವಳ ಉದ್ಧಟತನ ಎಂದ. ನೋಡುತ್ತಿದ್ದೇನೆ ಎಂದರು ಬಾವಾಜಿ. ಲೋಟವನ್ನು ಮತ್ತೊಮ್ಮೆ ಮೂಗಿಗೆ ಹಿಡಿದು ಕೆಳಗಿಟ್ಟು, ಹೋಮಿಯನ್ನು ಗುಜರಾತಿಯಲ್ಲಿ ಮಗನೇ ಎಂದು ಕರೆದರು.

"ಅಪ್ಪನದೇ ಇದು, ಡಿಕ್ರಾ. ಸತ್ತಿದೆ. ಬೇಸಿಗೆಯಿಂದಲೇ ನನಗೆ ಗೊತ್ತಿತ್ತು. ನಿನ್ನ ಬಟ್ಲರನಿಗೆ ಬೇರೆ ಮನೆ ನೋಡು."

ಹೋಮಿ ವಾದಿಸಿದ, ಮುನಿಸಿಕೊಂಡ, ಅನ್ನ ಕಲಸಿ ಹಾಗೇ ಬಿಟ್ಟ. ದುರ್ಗಿ ಹೋಗಲಿಲ್ಲ. ಅವಳಿಗೆ ಇನ್ನೂ ಒಂದು ಮಾತಿತ್ತು. ಹಳೆಯ ಸಾಲಿನಲ್ಲಿ ಕೆಲವಕ್ಕೆ ಸ್ವಲ್ಪ ಜೀವವಿದೆ. ಅವನ್ನು ಈ ದೀಪಾವಳಿಯ ಒಳಗೆ ಕುಡಿದು ಮುಗಿಸಬೇಕು, ಉಳಿದವನ್ನು ಚೆಲ್ಲಬೇಕು, ಹೊಸದನ್ನು ಇನ್ನು ಕೆಲವು ವರ್ಷ ಮುಟ್ಟಬಾರದು ಎಂದಳು. ಅಪ್ಪನ ವೈನನ್ನು ಚೆಲ್ಲುವುದೇ ಎಂದು ಬಾವಾಜಿ ಚೌಕಾಸಿಗಿಳಿದರು. ಚೆಲ್ಲುವುದೇ ಎಂದಳು ದುರ್ಗಿ.  ಬಾವಾಜಿ ತಮ್ಮ ಲೋಟವನ್ನು ಅವಳ ಕಡೆ ಸರಿಸಿ, ಇದರಿಂದಲೇ ಶುರುಮಾಡು ಎಂದರು.

ಮರುದಿನ ಬೆಳಿಗ್ಗೆ ಹೋಮಿಯ ಗಾಡಿ ಗುಡ್ಡ ಇಳಿಯುವ ಹೊತ್ತಿಗೆ ಅವಳು ಕೆಳಕೋಣೆಯಲ್ಲಿದ್ದಳು. ಹಳೆಯ ಬಾಟಲಿಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು, ಬಣ್ಣ ಇನ್ನೂ ಮಾಸದೆ ಜೀವವಿರುವಂತೆ ಕಂಡವನ್ನು ಕೈಗೆ ಸುಲಭವಾಗಿ ಎಟುಕುವಂತೆ ಬಾಗಿಲ ಪಕ್ಕದ ಹಲಗೆಯ ಮೇಲೆ ಮಲಗಿಸುತ್ತಿದ್ದಳು.